ಕ್ಯಾಮರಾದ ಮುಂದೆ ಮಾರಬಾರದ್ದು



ಶಿಡ್ಲಘಟ್ಟದ ಮಾರುಕಟ್ಟೆಗೆ ರೈತ ರೇಷ್ಮೆಗೂಡು ತರುತ್ತಾನೆ. ರೀಲರುಗಳು ಗೂಡನ್ನು ನೋಡಿ ಬೆಲೆ ಹೇಳುತ್ತಾರೆ. ಚಿಂತಾಮಣಿಯ ಮಂಡಿಯಲ್ಲಿ ಟೊಮೆಟೊ ಮಾರುವವನದೂ ಅದೇ ರೀತಿ. ಮಾರುವ ಸರಕು ಕಣ್ಣೆದುರಿಗಿದೆ, ಅದು ಅವನ ಬೆವರಿನ ಫಲ. ಇಂದು ನಮ್ಮ ಕೆಲವು ಯುವಜನರು ಮತ್ತೊಂದು ಸಂತೆಗೆ ಕಾಲಿಟ್ಟಿದ್ದಾರೆ. ವೀಡಿಯೋ ಮಾಡಿ ಯೂಟ್ಯೂಬಿಗೆ ಹಾಕಿ ಹಣ ಗಳಿಸುವ ಸಂತೆ ಅದು. ಅಲ್ಲಿ ಮಾರಾಟವಾಗುವುದು ಏನು? ಅದು ಯಾರದು?

ಮೊದಲು ಗಳಿಕೆಯ ದಾರಿಗಳನ್ನು ತಿಳಿಯೋಣ. ಒಂದನೆಯದು ಜಾಹೀರಾತು. ಇದರಲ್ಲಿ ಪಾಲು ಬೇಕಾದರೆ ಚಾನೆಲ್ಲಿಗೆ 1000 ಚಂದಾದಾರರಿರಬೇಕು. ಜೊತೆಗೆ 12 ತಿಂಗಳಲ್ಲಿ ಜನ ಅದರ ವೀಡಿಯೋಗಳನ್ನು ಒಟ್ಟು 4000 ಗಂಟೆ ನೋಡಿರಬೇಕು, ಇಲ್ಲವೇ ಕಿರು ವೀಡಿಯೋಗಳನ್ನು 90 ದಿನಗಳಲ್ಲಿ 1 ಕೋಟಿ ಸಲ ನೋಡಿರಬೇಕು. ಉದ್ದನೆಯ ವೀಡಿಯೋದ ಜಾಹೀರಾತಿನಿಂದ ಬಂದ ಹಣದಲ್ಲಿ ಶೇಕಡಾ 55 ವೀಡಿಯೋ ಮಾಡಿದವರಿಗೆ ಸಲ್ಲುತ್ತದೆ. ಎರಡನೆಯದು, ಮೆಚ್ಚಿದ ವೀಕ್ಷಕರು ತಾವಾಗಿ ಕೊಡುವ ಹಣ. ಮೂರನೆಯದು, ಯಾವುದಾದರೂ ಕಂಪನಿಯ ಸರಕನ್ನು ಹೊಗಳಿ ಪಡೆಯುವ ಸಂಭಾವನೆ.

ಇವುಗಳಲ್ಲಿ ಯಾವುದೂ ಸ್ವತಃ ತಪ್ಪಲ್ಲ. ಗೌರಿಬಿದನೂರಿನ ಕಡೆಯ ತರುಣನೊಬ್ಬ ಹನಿ ನೀರಾವರಿಯ ಕೊಳವೆ ಜೋಡಿಸುವ ಬಗೆಯನ್ನು ತೋರಿಸಿ ಹಣ ಪಡೆದರೆ ಅದು ಪಾಠ ಹೇಳಿದ್ದಕ್ಕೆ ಸಂದ ಕೂಲಿ. ಗೃಹಿಣಿಯೊಬ್ಬಳು ಅಡಿಗೆ ಕಲಿಸಿ ಗಳಿಸಿದರೆ ಅದೂ ಶ್ರಮದ ಫಲವೇ. ಹಿರಿಯರು ಇದನ್ನು 'ಸೋಮಾರಿಗಳ ಕೆಲಸ' ಎಂದು ಜರೆಯಬಾರದು.

ಆದರೆ ಹೊಗಳಿಕೆಗೆ ಹಣ ಪಡೆದು ಅದನ್ನು ಮುಚ್ಚಿಟ್ಟರೆ? ಮಾರುವವನು ಸರಕಿನ ದೋಷವನ್ನು ಮರೆಮಾಚುವುದು ಅನ್ಯಾಯವೆಂದು ಸಂತ ಥಾಮಸ್ ಅಕ್ವಿನಾಸರು 13ನೆಯ ಶತಮಾನದಲ್ಲೇ ವಾದಿಸಿದ್ದರು. ನಮ್ಮ ದೇಶದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ದಾರಿ ತಪ್ಪಿಸುವ ಜಾಹೀರಾತಿನಲ್ಲಿ ಸರಕನ್ನು ಹೊಗಳಿದವರಿಗೂ 10 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. 'ಇದಕ್ಕೆ ನಾನು ಹಣ ಪಡೆದಿದ್ದೇನೆ' ಎಂಬ ಒಂದು ಮಾತು ಸಾಕು, ವೀಕ್ಷಕ ಮೋಸಹೋಗುವುದಿಲ್ಲ.

ಇದಕ್ಕಿಂತ ಕಠಿಣವಾದ ಪ್ರಶ್ನೆಯೊಂದಿದೆ. ಒಬ್ಬ ಯುವಕ ಬಡ ವಿಧವೆಯ ಗುಡಿಸಲಿಗೆ ಹೋಗಿ ಒಂದು ಮೂಟೆ ಅಕ್ಕಿ ಕೊಡುತ್ತಾನೆ ಎಂದಿಟ್ಟುಕೊಳ್ಳೋಣ. ಆಕೆಯ ಕಣ್ಣೀರು, ಜೋಡಿಸಿದ ಕೈಗಳು, ಹರಕು ಸೀರೆ ಎಲ್ಲವೂ ವೀಡಿಯೋದಲ್ಲಿ ಬರುತ್ತವೆ. ಲಕ್ಷ ಜನ ನೋಡುತ್ತಾರೆ, ಹಣ ಬರುತ್ತದೆ. 'ಆಕೆಯ ಒಪ್ಪಿಗೆ ಪಡೆದೇ ಮಾಡಿದೆ, ಬಂದ ಹಣದಿಂದ ಇನ್ನೂ ಹತ್ತು ಜನರಿಗೆ ಅಕ್ಕಿ ಕೊಡುತ್ತೇನೆ' ಎನ್ನುತ್ತಾನೆ ಆತ. ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. ಹತ್ತು ಮನೆಯ ಒಲೆ ಉರಿಯುವುದು ಸಣ್ಣ ಸಂಗತಿಯಲ್ಲ.

ಆದರೂ ಯೋಚಿಸಿ. ಹಸಿದವಳು ಅಕ್ಕಿಮೂಟೆಯನ್ನು ಎದುರಿಗಿಟ್ಟುಕೊಂಡು 'ಬೇಡಪ್ಪ, ಫೋಟೋ ತೆಗೆಯಬೇಡ' ಎನ್ನಬಲ್ಲಳೇ? ಬೇರೆ ದಾರಿಯಿಲ್ಲದವರು ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ. ಮನುಷ್ಯನನ್ನು ಎಂದೂ ಬರಿಯ ಸಾಧನವಾಗಿ ಬಳಸಬಾರದೆಂದು ಜರ್ಮನಿಯ ತತ್ವಜ್ಞಾನಿ ಕಾಂಟ್ ಬೋಧಿಸಿದ್ದು ಇದನ್ನೇ. ದಾನವನ್ನು ಗುಟ್ಟಾಗಿ ಮಾಡಿರೆಂದು ಯೇಸುಸ್ವಾಮಿ ಹೇಳಿದ್ದು ಕೊಡುವವನ ಅಹಂಕಾರವನ್ನು ಅಡಗಿಸಲು. ಪಡೆಯುವವಳ ಮಾನ ಉಳಿಯುವುದೂ ಆ ಗುಟ್ಟಿನಲ್ಲೇ ಅಲ್ಲವೇ? ನಾಳೆ ಆಕೆಯ ಮೊಮ್ಮಗನನ್ನು ಶಾಲೆಯಲ್ಲಿ ಸಹಪಾಠಿಗಳು ಆ ವೀಡಿಯೋ ತೋರಿಸಿ ಹಂಗಿಸಿದರೆ, ಆ ಅಕ್ಕಿಯ ಬೆಲೆ ತೆತ್ತವರು ಯಾರು? ಆ ಯುವಕ ಮಾರಿದ್ದು ತನ್ನ ಶ್ರಮವನ್ನಲ್ಲ, ಆಕೆಯ ಸಂಕಟವನ್ನು. ಅಕ್ಕಿಮೂಟೆಯನ್ನೂ ಅಂಗಡಿಯ ರಸೀತಿಯನ್ನೂ ತೋರಿಸಲಿ, ಮುಖವನ್ನು ಬಿಡಲಿ. ನೋಡುವವರು ಕಡಿಮೆಯಾಗಬಹುದು. ಆ ನಷ್ಟವನ್ನು ಹೊರುವುದೂ ದಾನದ ಒಂದು ಭಾಗವೇ.

ಮಕ್ಕಳ ವಿಷಯವೂ ಹೀಗೆಯೇ. ಮಗು ಅತ್ತದ್ದು, ಬಿದ್ದದ್ದು, ಬೈಸಿಕೊಂಡದ್ದು ಎಲ್ಲವನ್ನೂ ತಂದೆತಾಯಿಯರೇ ಲೋಕಕ್ಕೆ ತೋರಿಸುವುದುಂಟು. ವೀಡಿಯೋದಲ್ಲಿ ದುಡಿಯುವ ಮಕ್ಕಳ ಗಳಿಕೆಯನ್ನು ರಕ್ಷಿಸಲು ಫ್ರಾನ್ಸ್ 2020ರಲ್ಲಿ ಕಾನೂನು ಮಾಡಿತು. ತನ್ನ ವೀಡಿಯೋವನ್ನು ಅಳಿಸಿಹಾಕಿರೆಂದು ಕೇಳುವ ಹಕ್ಕನ್ನು ಮಗುವಿಗೇ ಕೊಟ್ಟಿತು. ಮಗು ನಮ್ಮದು ನಿಜ, ಆದರೆ ನಮ್ಮ ಸರಕಲ್ಲ.

ಆದ್ದರಿಂದ ತಂದೆತಾಯಿಯರೇ, ಮಗ ವೀಡಿಯೋ ಮಾಡಿ ಮೊದಲ ಗಳಿಕೆಯನ್ನು ಮನೆಗೆ ತಂದ ದಿನ 'ಎಷ್ಟು ಬಂತು?' ಎಂದು ಕೇಳುವ ಮೊದಲು 'ಏನನ್ನು ಮಾರಿದೆಯಪ್ಪಾ?' ಎಂದು ಕೇಳಿ. 'ನನ್ನ ವಿದ್ಯೆ, ನನ್ನ ಶ್ರಮ' ಎಂದು ಅವನು ತಲೆಯೆತ್ತಿ ಹೇಳಬಲ್ಲನಾದರೆ ಸಂತೋಷದಿಂದ ಹರಸಿ.