ನೆರೆಮನೆಯ ಆಕ್ರಂದನ ಮತ್ತು ಶ್ರಾವಕಧರ್ಮ

ಮನೆಯೊಂದರಲ್ಲಿ ಗೃಹಿಣಿಯು ಬೆಂಕಿಗೆ ಆಹುತಿಯಾದ ವಾರ್ತೆ ಬಂದಾಗ ಊರು ನಡೆದುಕೊಳ್ಳುವ ರೀತಿಯು ನಮಗೆಲ್ಲ ಪರಿಚಿತವಾದುದೇ ಆಗಿದೆ. ಮೊದಲ ದಿನ ಮನೆಯ ಮುಂದೆ ಜನ ನೆರೆಯುತ್ತಾರೆ. ಪತಿಯನ್ನೂ ಅತ್ತೆಯನ್ನೂ ಶಪಿಸುತ್ತಾರೆ. ಇಂಥವರನ್ನು ಗಲ್ಲಿಗೇರಿಸಬೇಕೆಂದು ಕೂಗುತ್ತಾರೆ. ಎರಡನೆಯ ದಿನ, ‘ಆ ಮನೆಯಿಂದ ಆಗಾಗ ಅಳು ಕೇಳಿಸುತ್ತಿತ್ತು’ ಎಂಬ ಮಾತು ಅಕ್ಕಪಕ್ಕದವರ ಬಾಯಿಂದ ಹೊರಬೀಳುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಎಲ್ಲವೂ ಮರೆತುಹೋಗುತ್ತದೆ. ಆ ಎರಡನೆಯ ದಿನದ ಮಾತೇ ಈ ಲೇಖನದ ವಿಷಯ. ಕೇಳಿಸುತ್ತಿತ್ತು ಎಂದಮೇಲೆ ಕೇಳಿದವರು ಇದ್ದರೆಂದೇ ಅರ್ಥ. ಹಾಗೆ ಕೇಳಿದವರ ಮೇಲೆ ಧರ್ಮವು ಯಾವ ಹೊಣೆಯನ್ನು ಹೊರಿಸುತ್ತದೆ ಎಂಬುದನ್ನು ವಿಚಾರಿಸುವುದು ಅವಶ್ಯವಾಗಿದೆ.

ಇದು ದೂರದ ಊರಿನ ಸಮಸ್ಯೆಯೆಂದು ತಿಳಿಯಬೇಕಾಗಿಲ್ಲ. ನಮ್ಮ ರಾಜಧಾನಿಯಾದ ಬೆಂಗಳೂರಿನಲ್ಲಿ 1997ನೆಯ ಒಂದೇ ವರ್ಷದಲ್ಲಿ 1,133 ಸ್ತ್ರೀಯರ ಅಸಹಜ ಮರಣಗಳು ದಾಖಲಾದವು. ಅವುಗಳಲ್ಲಿ 157 ಮಾತ್ರ ಕೊಲೆಯೆಂದು ಪರಿಗಣಿಸಲ್ಪಟ್ಟವು. 546 ಆತ್ಮಹತ್ಯೆಯೆಂದೂ 430 ಆಕಸ್ಮಿಕವೆಂದೂ ವಿಂಗಡಿಸಲ್ಪಟ್ಟವು. ‘ವಿಮೋಚನಾ’ ಎಂಬ ಮಹಿಳಾ ಸಂಘಟನೆಯವರು ಇಂತಹ ದಾಖಲೆಗಳನ್ನು ಪರಿಶೀಲಿಸಿ, ಸುಟ್ಟಗಾಯಗಳಿಂದ ಆಸ್ಪತ್ರೆ ಸೇರಿದವರನ್ನು ಕಂಡು, ಈ ವಿಂಗಡಣೆಯನ್ನು ಪ್ರಶ್ನಿಸಿದರು. ‘ಅಡುಗೆಮನೆಯ ಅಪಘಾತ’, ‘ಸ್ಟೌವ್ ಸಿಡಿತ’ ಎಂಬ ಶೀರ್ಷಿಕೆಗಳ ಅಡಿಯಲ್ಲಿ ಎಷ್ಟೋ ಹಿಂಸೆಗಳು ಮರೆಯಾಗುತ್ತಿವೆ ಎಂಬುದು ಅವರ ಆಕ್ಷೇಪವಾಗಿತ್ತು.

ವ್ಯಾಪಾರದಲ್ಲಿ ಆಯುಷ್ಯ ಕಳೆದ ನನ್ನಂಥವನಿಗೆ ಇಲ್ಲಿ ಒಂದು ಸರಳ ಪ್ರಶ್ನೆ ಏಳುತ್ತದೆ. ಸೀಮೆಎಣ್ಣೆಯ ಒಲೆಗಳು ಅಷ್ಟು ಸಂಖ್ಯೆಯಲ್ಲಿ ಸಿಡಿಯುತ್ತಿದ್ದುದು ನಿಜವಾಗಿದ್ದಲ್ಲಿ, ಆ ಸರಕಿನ ಬಗ್ಗೆ ಗ್ರಾಹಕರು ಅಂಗಡಿಗೆ ಬಂದು ಜಗಳವಾಡಬೇಕಿತ್ತಲ್ಲವೇ? ಮಾಲು ಕೆಟ್ಟದ್ದೆಂದು ತಯಾರಕನ ಹೆಸರು ಪೇಟೆಯಲ್ಲೆಲ್ಲ ಹಾಳಾಗಬೇಕಿತ್ತಲ್ಲವೇ? ಕೆಟ್ಟ ಒಲೆಯು ಅತ್ತೆ, ಸೊಸೆ, ಮಗಳು ಎಂಬ ಭೇದವೆಣಿಸದೆ ಸಿಡಿಯಬೇಕಷ್ಟೆ? ಲೆಕ್ಕವು ಬೇರೆಯದನ್ನೇ ಹೇಳುತ್ತದೆ. ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 2009ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ, 2001ರಲ್ಲಿ ಭಾರತದಲ್ಲಿ ಬೆಂಕಿಯಿಂದ ಸುಮಾರು 1,63,000 ಮಂದಿ ಮೃತರಾದರು. ಅವರಲ್ಲಿ ಸುಮಾರು 1,06,000 ಮಂದಿ ಸ್ತ್ರೀಯರು, ಅವರಲ್ಲಿಯೂ ಬಹುಪಾಲು 15ರಿಂದ 34 ವರ್ಷದೊಳಗಿನವರು. ಇವರೆಲ್ಲರೂ ಹಿಂಸೆಗೆ ಬಲಿಯಾದವರೆಂದು ಹೇಳಲಾಗದು. ನಿಜವಾದ ಅಪಘಾತಗಳೂ ಇರುತ್ತವೆ. ಆದರೆ ಇಂತಹ ಲೆಕ್ಕವನ್ನು ಕಂಡು ‘ಆಕಸ್ಮಿಕ’ ಎಂಬ ಒಂದು ಪದದಿಂದ ಪುಸ್ತಕ ಮುಚ್ಚುವವನು ಪ್ರಾಮಾಣಿಕ ಲೆಕ್ಕಿಗನಾಗಲಾರನು.

ಸಾರ್ವಜನಿಕರ ಆಕ್ರೋಶವು ನಿಷ್ಫಲವೆಂದು ನಾನು ಹೇಳುತ್ತಿಲ್ಲ. ದೆಹಲಿಯಲ್ಲಿ 1979ರಲ್ಲಿ ಸುಟ್ಟು ಮೃತಳಾದ ಮಗಳಿಗಾಗಿ ಸತ್ಯರಾಣಿ ಚಡ್ಡಾ ಎಂಬ ತಾಯಿಯು ಮೂರು ದಶಕಗಳಿಗೂ ಮೀರಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅಂತಹ ತಾಯಂದಿರೂ ಮಹಿಳಾ ಸಂಘಟನೆಗಳೂ ಬೀದಿಗಿಳಿದುದರಿಂದಲೇ 1983ರಲ್ಲಿ ಪತಿ ಮತ್ತು ಅವನ ಬಂಧುಗಳ ಕ್ರೌರ್ಯವನ್ನು ಅಪರಾಧವೆನ್ನುವ 498ಎ ಕಲಮೂ, 1986ರಲ್ಲಿ ವರದಕ್ಷಿಣೆ ಮರಣದ 304ಬಿ ಕಲಮೂ ದಂಡಸಂಹಿತೆಯನ್ನು ಸೇರಿದವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಇವು 85 ಮತ್ತು 80ನೆಯ ಕಲಮುಗಳಾಗಿ ಮುಂದುವರಿದಿವೆ.

ದೆಹಲಿಯದೇ ಇನ್ನೊಂದು ಪ್ರಕರಣವು ನಮ್ಮ ವಿಷಯಕ್ಕೆ ಇನ್ನೂ ಸಮೀಪವಾದುದು. 1980ರ ಡಿಸೆಂಬರ್ 1ರ ರಾತ್ರಿ ತುಂಬು ಗರ್ಭಿಣಿಯಾದ ಸೊಸೆಯೊಬ್ಬಳು ಉರಿಯುತ್ತ ‘ಕಾಪಾಡಿ’ ಎಂದು ಕೂಗಿದಳು. ನೆರೆಯವರು ಓಡಿಬಂದರು. ಆಕೆ ಹೇಳಿದುದನ್ನು ಕಿವಿಯಾರೆ ಕೇಳಿದರು. ಕೇಳಿದುದನ್ನು ನ್ಯಾಯಾಲಯದಲ್ಲಿ ಅಂಜದೆ ಹೇಳಿದರು. ಕೆಳಗಿನ ನ್ಯಾಯಾಲಯವು ಶಿಕ್ಷೆ ವಿಧಿಸಿತು, ಉಚ್ಚ ನ್ಯಾಯಾಲಯವು 1983ರಲ್ಲಿ ಎಲ್ಲರನ್ನೂ ಬಿಡುಗಡೆ ಮಾಡಿತು. ಕೊನೆಗೆ 1985ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪತಿ ಮತ್ತು ಅತ್ತೆಗೆ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. ನೆರೆಯವರ ಸಾಕ್ಷ್ಯವಿಲ್ಲದಿದ್ದಲ್ಲಿ ಅದೂ ಒಂದು ‘ಸ್ಟೌವ್ ಸಿಡಿತ’ವಾಗಿ ಮುಗಿಯುತ್ತಿತ್ತೋ ಏನೋ. ಆದರೆ ಆ ಸಜ್ಜನರ ಧೈರ್ಯವೂ ಆಕೆಯ ಪ್ರಾಣವನ್ನು ಉಳಿಸಲಿಲ್ಲ. ಬೆಂಕಿ ಬಿದ್ದ ಮೇಲೆ ಬಂದ ಧರ್ಮವು ಸಾಕ್ಷಿಯಾಗಬಲ್ಲದು, ರಕ್ಷಕನಾಗಲಾರದು. ಇಂದಿಗೂ ವರದಕ್ಷಿಣೆ ಮರಣವೆಂದು ದೇಶದಲ್ಲಿ ದಾಖಲಾಗುವ ಪ್ರಕರಣಗಳು 2022ರ ಸರಕಾರಿ ಲೆಕ್ಕದಂತೆ 6,000ಕ್ಕಿಂತಲೂ ಅಧಿಕವಾಗಿವೆ.

ಹಾಗಾದರೆ ಬೆಂಕಿಗೆ ಮುನ್ನ ಏನಿರುತ್ತದೆ? ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿರುವುದು ವಾಚಕರಿಗೆ ತಿಳಿದೇ ಇದೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು, ಶಕ್ತಿಮೀರಿ ಹೊರೆ ಹೊರಿಸುವುದು, ಅನ್ನನೀರು ತಡೆಯುವುದು. ನಾವು ಇವನ್ನು ಎತ್ತು, ಕುದುರೆಗಳ ವಿಷಯದಲ್ಲಿ ಮಾತ್ರ ಪ್ರವಚನದಲ್ಲಿ ಕೇಳಿ ಸಮಾಧಾನಪಟ್ಟುಕೊಂಡಿದ್ದೇವೆ. ಆದರೆ ಸೊಸೆಯನ್ನು ತವರಿಗೆ ಕಳುಹಿಸದೆ, ದೂರವಾಣಿಯಲ್ಲಿ ಮಾತನಾಡಗೊಡದೆ ಮನೆಯಲ್ಲಿಯೇ ತಡೆದಿಡುವುದು ಬಂಧವಲ್ಲವೇ? ಕೈಮಾಡುವುದು ವಧವೆಂಬ ಅತಿಚಾರವಲ್ಲವೇ? ಬಸುರಿ, ಬಾಣಂತಿಯೆಂದು ನೋಡದೆ ದುಡಿಸುವುದು ಅತಿಭಾರವಲ್ಲವೇ? ಎಲ್ಲರೂ ಉಂಡ ಮೇಲೆ ಉಳಿದರೆ ಉಣ್ಣು ಎನ್ನುವುದು ಅನ್ನನಿರೋಧವಲ್ಲವೇ? ಗೋಶಾಲೆಗೆ ಉದಾರವಾಗಿ ಕಾಣಿಕೆ ಕೊಡುವ ಮನೆಯಲ್ಲಿ ಈ ಅತಿಚಾರಗಳು ಮನುಷ್ಯಳೊಬ್ಬಳ ಮೇಲೆ ನಡೆಯುತ್ತಿದ್ದರೆ ಆ ವ್ರತಕ್ಕೆ ಅರ್ಥವೇನುಳಿಯಿತು? ಬೆಂಕಿಯು ಕೊನೆಯ ದಿನದ ಸಂಗತಿ. ಈ ಅತಿಚಾರಗಳಾದರೋ ಅದಕ್ಕೆ ಮುಂಚೆ ವರ್ಷಗಟ್ಟಲೆ ನೆರೆಹೊರೆಯವರ ಕಣ್ಣಿಗೂ ಕಿವಿಗೂ ಬೀಳುತ್ತಿರುತ್ತವೆ.

ನಮ್ಮ ಶಾಸ್ತ್ರವು ಹಿಂಸೆಯನ್ನು ಮಾಡಿದವನಿಗಷ್ಟೇ ಸೀಮಿತಗೊಳಿಸುವುದಿಲ್ಲ. ಕೃತ, ಕಾರಿತ, ಅನುಮತ ಎಂದು ಮೂರು ಬಗೆ. ತಾನು ಮಾಡುವುದು, ಪರರಿಂದ ಮಾಡಿಸುವುದು, ಮಾಡುವುದಕ್ಕೆ ಸಮ್ಮತಿಸುವುದು. ನೂರೆಂಟು ಬಗೆಯ ಆಸ್ರವದ ಗಣನೆಯಲ್ಲಿ ಈ ಮೂರೂ ಸೇರಿವೆ. ಹೊಡೆದವನದು ಕೃತ. ‘ಹೆಂಡತಿಯನ್ನು ಹದ್ದುಬಸ್ತಿನಲ್ಲಿಡು’ ಎಂದು ಪ್ರಚೋದಿಸಿದವರದು ಕಾರಿತ. ಇನ್ನು ಅನುಮತವು ಯಾರದು? ಮಗಳು ಬಂದು ಅತ್ತಾಗ ‘ಹೊಂದಿಕೊಂಡು ಹೋಗಮ್ಮ, ತಂಗಿಯ ಮದುವೆ ಆಗಬೇಕಲ್ಲ’ ಎಂದು ಹಿಂದಕ್ಕೆ ಕಳುಹಿಸಿದ ತಂದೆಯದು. ಪಂಚಾಯಿತಿಗೆ ಕುಳಿತು, ಹೊಡೆತವನ್ನು ಕೇಳಿಯೂ, ಮನೆತನದ ಮರ್ಯಾದೆಯ ಹೆಸರಿನಲ್ಲಿ ರಾಜಿ ಮಾಡಿಸಿದ ಹಿರಿಯರದು. ಗೋಡೆಯಾಚೆಯ ಅಳುವನ್ನು ಕೇಳಿ ರೇಡಿಯೋದ ಧ್ವನಿಯನ್ನು ಏರಿಸಿದ ನೆರೆಯವನದು. ಇವರೆಲ್ಲರ ದೋಷವು ಸಮಾನವೆಂದು ನಾನು ಹೇಳಲಾರೆ. ತೀವ್ರಭಾವ, ಮಂದಭಾವಗಳಿಗೆ ತಕ್ಕಂತೆ ಬಂಧದಲ್ಲಿ ಭೇದವುಂಟು. ಆದರೆ ದೋಷವೇ ಇಲ್ಲವೆಂದು ಶಾಸ್ತ್ರ ಬಲ್ಲ ಯಾವನೂ ಹೇಳಲಾರನು. ಹಿಂಸೆಯ ಲಕ್ಷಣವನ್ನು ಹೇಳುವಾಗ ಆಚಾರ್ಯರು ಪ್ರಮಾದವನ್ನೇ ಮುಂದಿಟ್ಟಿದ್ದಾರೆ. ಕೇಳಿಯೂ ಕೇಳದಂತಿರುವುದಕ್ಕಿಂತ ಬೇರೆ ಪ್ರಮಾದ ಯಾವುದು?

ಇಲ್ಲಿ ಎರಡು ಆಕ್ಷೇಪಗಳು ಬರುವುದುಂಟು. ಮೊದಲನೆಯದು, ‘ಅವಳ ಕರ್ಮೋದಯ, ನಾವೇನು ಮಾಡೋಣ’ ಎಂಬುದು. ಈ ಮಾತು ಸಿದ್ಧಾಂತದಂತೆ ಕೇಳಿಸಿದರೂ ಸಿದ್ಧಾಂತವಲ್ಲ. ಅಸಾತಾವೇದನೀಯದ ಉದಯವು ಆಕೆಯದಾಗಿರಬಹುದು. ಆದರೆ ಪರರಲ್ಲಿ ದುಃಖ, ಶೋಕ, ಆಕ್ರಂದನಗಳನ್ನು ಉಂಟುಮಾಡುವವನು ಅದೇ ಕರ್ಮವನ್ನು ಹೊಸದಾಗಿ ಕಟ್ಟಿಕೊಳ್ಳುತ್ತಾನೆಂದು ಅದೇ ಸೂತ್ರಗ್ರಂಥವು ಹೇಳುತ್ತದೆ. ರೋಗಿಗೆ ಔಷಧ ಕೊಡುವಾಗ, ಹಸಿದವನಿಗೆ ಆಹಾರದಾನ ಮಾಡುವಾಗ ನಾವು ‘ಅವನ ಕರ್ಮ’ ಎಂದು ಕೈಕಟ್ಟಿ ಕೂರುವುದಿಲ್ಲ. ಚತುರ್ವಿಧ ದಾನಗಳಲ್ಲಿ ಅಭಯದಾನವೂ ಒಂದು. ಭಯದಲ್ಲಿ ಬದುಕುವ ಸ್ತ್ರೀಗೆ ಮಾತ್ರ ಅದನ್ನು ನಿರಾಕರಿಸಲು ಕರ್ಮಸಿದ್ಧಾಂತವು ಯಾರಿಗೂ ಅಪ್ಪಣೆ ಕೊಟ್ಟಿಲ್ಲ.

ಎರಡನೆಯ ಆಕ್ಷೇಪವು ಹೆಚ್ಚು ಗಂಭೀರವಾದುದು. ಸತ್ಯಾಣುವ್ರತದ ಅತಿಚಾರಗಳಲ್ಲಿ ರಹೋಭ್ಯಾಖ್ಯಾನವೂ ಒಂದು; ಸ್ತ್ರೀಪುರುಷರು ಏಕಾಂತದಲ್ಲಿ ನಡೆಸಿದ್ದನ್ನು ಬಯಲು ಮಾಡುವುದು ದೋಷ. ಹಾಗಿರುವಾಗ ಗಂಡಹೆಂಡಿರ ನಡುವಣ ಸಂಗತಿಯನ್ನು ಹೊರಗೆ ಹೇಳಬಹುದೇ ಎಂದು ಧರ್ಮಭೀರುಗಳು ಕೇಳುತ್ತಾರೆ. ಈ ಅತಿಚಾರದ ಉದ್ದೇಶವನ್ನು ನೋಡಬೇಕು. ಪರರ ಗುಟ್ಟನ್ನು ಚಪಲಕ್ಕಾಗಿ ಆಡಿಕೊಂಡು ಅವರಿಗೆ ನೋವುಂಟುಮಾಡಬಾರದು ಎಂಬುದೇ ಅದರ ಆಶಯ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಪರರಿಗೆ ವಿಪತ್ತನ್ನು ತರುವ ಮಾತು ಸತ್ಯವಾದರೂ ಆಡಬಾರದೆಂಬ ತಾತ್ಪರ್ಯದ ನಿಯಮವನ್ನು ಹೇಳಿದ್ದಾರೆ. ಅಂದರೆ ಮಾತಿಗೂ ಮೌನಕ್ಕೂ ಅಳತೆಗೋಲು ಪರರ ವಿಪತ್ತೇ ಆಗಿದೆ. ಮಾತಿನಿಂದ ವಿಪತ್ತು ಬರುವಲ್ಲಿ ಮೌನ ಧರ್ಮ. ಮೌನದಿಂದ ವಿಪತ್ತು ಬರುವಲ್ಲಿ ಮಾತು ಧರ್ಮ. ನೊಂದವಳ ಗುಟ್ಟನ್ನು ಕಾಯುವುದು ಬೇರೆ, ನೋಯಿಸಿದವನ ಗುಟ್ಟನ್ನು ಕಾಯುವುದು ಬೇರೆ. ವಿಚಿತ್ರವೇನೆಂದರೆ, ಬದುಕಿದ್ದಾಗ ‘ಅದು ಅವರ ಮನೆಯ ವಿಷಯ’ ಎನ್ನುವ ಬಾಯಿಗಳೇ ಆಕೆ ಸತ್ತ ಮೇಲೆ ಆಕೆಯ ಶೀಲದ ಬಗ್ಗೆ ಹರಟುತ್ತವೆ. ರಹೋಭ್ಯಾಖ್ಯಾನದ ದೋಷವು ಅಲ್ಲಿದೆ.

‘ನಾವು ಕೇಳಿದ್ದು ಸುಳ್ಳಾದರೆ?’ ಎಂಬ ಹಿಂಜರಿಕೆಯೂ ಸಹಜವೇ. ಇದಕ್ಕೆ ಕಾನೂನು ದಾರಿ ಮಾಡಿಕೊಟ್ಟಿದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರ ನಾಲ್ಕನೆಯ ಕಲಮಿನಂತೆ, ಹಿಂಸೆ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯುವ ಸಂಭವವಿದೆ ಎಂದು ನಂಬಲು ಕಾರಣವಿರುವ ಯಾವ ವ್ಯಕ್ತಿಯೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವನೆಯಿಂದ ತಿಳಿಸಿದವನ ಮೇಲೆ ಯಾವ ಹೊಣೆಯೂ ಬರುವುದಿಲ್ಲ. 181 ಮಹಿಳಾ ಸಹಾಯವಾಣಿಯೂ 112 ತುರ್ತು ಸಂಖ್ಯೆಯೂ ಇವೆ. ನಾವು ತೀರ್ಪುಗಾರರಾಗಬೇಕಾಗಿಲ್ಲ, ತಿಳಿಸುವವರಾದರೆ ಸಾಕು. ಅದಕ್ಕೂ ಮೊದಲು, ಆಕೆ ಒಬ್ಬಳೇ ಇರುವ ಹೊತ್ತಿನಲ್ಲಿ ಮನೆಯ ಹೆಂಗಸರೊಬ್ಬರು ಹೋಗಿ ‘ಏನಮ್ಮ, ನಮ್ಮಿಂದ ಏನಾಗಬೇಕು?’ ಎಂದು ಕೇಳುವುದಕ್ಕೆ ಕಾನೂನಿನ ನೆರವೂ ಬೇಕಿಲ್ಲ. ಆಕೆಯ ಇಚ್ಛೆಯನ್ನು ಅರಿತು ನಡೆಯುವುದು ವಿವೇಕ. ಪ್ರಾಣಕ್ಕೆ ಅಪಾಯ ಕಂಡರೆ ಮಾತ್ರ ತಡಮಾಡಬಾರದು.

ನಮ್ಮ ತುಳುನಾಡಿನ ಹಿರಿಯರ ವ್ಯವಸ್ಥೆಯಿಂದಲೂ ಕಲಿಯುವುದುಂಟು. ಈ ಜಿಲ್ಲೆಯ ಬಂಟರಂತೆ ಜೈನರಲ್ಲಿಯೂ ಅಳಿಯಕಟ್ಟು ನಡೆಯುತ್ತಿತ್ತು. ಸ್ತ್ರೀಯು ಮದುವೆಯಾದ ಮೇಲೆಯೂ ತನ್ನ ಕುಟುಂಬದ ಮನೆಯ ಸದಸ್ಯಳೇ ಆಗಿ ಉಳಿಯುತ್ತಿದ್ದಳು. ಆ ಪದ್ಧತಿಯಲ್ಲಿ ದೋಷಗಳಿರಲಿಲ್ಲವೆಂದಲ್ಲ. ಯಜಮಾನಿಕೆಯು ಸಾಮಾನ್ಯವಾಗಿ ಗಂಡಸರ ಕೈಯಲ್ಲಿ ಇರುತ್ತಿದ್ದುದೂ ಹೌದು. ಆದರೆ ಅವಳು ಹಿಂದಿರುಗಿದರೆ ಅತಿಥಿಯಾಗಿ ಬರುತ್ತಿರಲಿಲ್ಲ, ತನ್ನ ಮನೆಗೇ ಬರುತ್ತಿದ್ದಳು. ಅಳಿಯಕಟ್ಟು ಹೋಯಿತು. ಅದರೊಡನೆ ಆ ತೆರೆದ ಬಾಗಿಲೂ ಹೋಗಬೇಕಾಗಿರಲಿಲ್ಲ. 1956ರ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯು ಮಗಳನ್ನು ಮಗನಂತೆಯೇ ಸಹದಾಯಾದಿಯನ್ನಾಗಿ ಮಾಡಿದೆ. ಬಾಗಿಲು ಕಾಗದದ ಮೇಲೆ ತೆರೆದಿದೆ. ತಂದೆತಾಯಿಯರ ಮನಸ್ಸಿನಲ್ಲಿಯೂ ತೆರೆಯಬೇಕಾಗಿದೆ.

ಬಸದಿಗಳ ಆಡಳಿತ ಮಂಡಳಿಗಳಲ್ಲಿಯೂ ಒಂದು ವಿನಂತಿ. ಮದುವೆಗೆ ಸಭಾಭವನವನ್ನು ಕೊಡುವ ನಾವು, ಆ ಮದುವೆಯಲ್ಲಿ ನೊಂದವಳಿಗೆ ಆಶ್ರಯವನ್ನೂ ಕೊಡಲು ಸಿದ್ಧರಿರಬೇಕು. ಸಂಧಾನಕ್ಕೆ ಕೂರುವವರಲ್ಲಿ ಶ್ರಾವಿಕೆಯರೂ ಇರಲಿ. ಹೊಡೆತದ ದೂರು ಇರುವಲ್ಲಿ, ಆಕೆಯ ಸುರಕ್ಷತೆ ನಿಶ್ಚಯವಾಗುವ ಮುನ್ನ ರಾಜಿಯ ಮಾತನ್ನೇ ಎತ್ತಬಾರದು. ಸಹಾಯವಾಣಿಯ ಸಂಖ್ಯೆಯನ್ನು ಪೂಜಾ ವೇಳಾಪಟ್ಟಿಯ ಪಕ್ಕದಲ್ಲಿ ಹಾಕಲು ಖರ್ಚೇನೂ ಇಲ್ಲ.

ವಾಮಂಜೂರಿನಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಹಿಂದೆ ಮನೆಗೂ ಮನೆಗೂ ನಡುವೆ ತೋಟಗಳಿರುತ್ತಿದ್ದವು. ಒಂದು ಮನೆಯ ಧ್ವನಿ ಇನ್ನೊಂದಕ್ಕೆ ಕೇಳಿಸದಿದ್ದರೆ ಅದಕ್ಕೆ ದೂರವು ಕಾರಣವಾಗಿರುತ್ತಿತ್ತು. ಇಂದು ಒಂದೇ ಗೋಡೆಯ ಎರಡು ಬದಿಗಳಲ್ಲಿ ಎರಡು ಸಂಸಾರಗಳು ವಾಸಿಸುವ ಕಾಲ ಬಂದಿದೆ. ಕೇಳಿಸಲಿಲ್ಲವೆಂದು ಹೇಳಲು ಅವಕಾಶವಿಲ್ಲ. ಶ್ರಾವಕನೆಂದರೆ ಕೇಳುವವನೆಂದೇ ಅರ್ಥ. ಗುರುವಿನ ಉಪದೇಶವನ್ನು ಕೇಳುವ ಕಿವಿಯು ನೆರೆಮನೆಯ ಆಕ್ರಂದನಕ್ಕೆ ಮುಚ್ಚಿಕೊಂಡರೆ, ಕೇಳಿದ ಉಪದೇಶವೂ ವ್ಯರ್ಥವೇ ಸರಿ.