ಸಮಾನತೆ ಎಂದರೆ ಭೇದ ಕಾಣದಿರುವುದೆ?

ಗಂಡು ಹೆಣ್ಣು ಸಮಾನರೆಂದು ನಾವೆಲ್ಲ ಒಪ್ಪುತ್ತೇವೆ, ಒಪ್ಪಲೇಬೇಕು. ಆದರೆ ಸಮಾನರೆಂದ ಮಾತ್ರಕ್ಕೆ ಇಬ್ಬರ ದೇಹವೂ ಒಂದೇ ಬಗೆಯದೆಂದು ಲೆಕ್ಕ ಹಾಕುವುದು ನ್ಯಾಯವೆ? ಮಾನವ ತಳಿಶಾಸ್ತ್ರದ ಸಂಶೋಧನೆಗಳನ್ನು ಗಮನಿಸಿದಾಗ ಈ ಪ್ರಶ್ನೆ ಏಳುತ್ತದೆ.

ನಮ್ಮ ಜೀವಕೋಶದಲ್ಲಿ 46 ವರ್ಣತಂತುಗಳಿವೆ. ಅವುಗಳಲ್ಲಿ 44 ಇಬ್ಬರಲ್ಲೂ ಒಂದೇ ತೆರನಾದವು. ಉಳಿದೆರಡು ಹೆಣ್ಣಿನಲ್ಲಿ ಎಕ್ಸ್ ಮತ್ತು ಎಕ್ಸ್, ಗಂಡಿನಲ್ಲಿ ಎಕ್ಸ್ ಮತ್ತು ವೈ. ಹೆಣ್ಣಿನ ಎರಡು ಎಕ್ಸ್‌ಗಳಲ್ಲಿ ಒಂದು ಪ್ರತಿ ಕೋಶದಲ್ಲೂ ಸುಮ್ಮನಿರುತ್ತದೆಂದು ಇಂಗ್ಲೆಂಡಿನ ಮೇರಿ ಲಯನ್ 1961ರಲ್ಲಿ ಸೂಚಿಸಿದರು. ಅದರ ಕೆಲವು ಜೀನುಗಳು ಮಾತ್ರ ಸುಮ್ಮನಿರದೆ ಕೆಲಸ ಮಾಡುತ್ತವೆಂದು ಆಮೇಲೆ ತಿಳಿಯಿತು.

ಇಷ್ಟು ಗೊತ್ತಿದ್ದೂ, ರೋಗಗಳ ಮೂಲವನ್ನು ಸಾವಿರಾರು ಜನರ ವರ್ಣತಂತುಗಳಲ್ಲಿ ಹುಡುಕುವ ಅಧ್ಯಯನಗಳು ಬಹಳ ಕಾಲ ಎಕ್ಸನ್ನೇ ಬದಿಗಿಟ್ಟವು. 2013ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಇಂಥ 743 ಅಧ್ಯಯನಗಳಲ್ಲಿ ಎಕ್ಸನ್ನು ಗಣನೆಗೆ ತೆಗೆದುಕೊಂಡವು 242 ಮಾತ್ರ. ಕಾರಣ ದ್ವೇಷವಲ್ಲ, ಲೆಕ್ಕದ ತೊಡಕು: ಗಂಡಿಗೆ ಒಂದು, ಹೆಣ್ಣಿಗೆ ಎರಡು, ಅದರಲ್ಲೂ ಒಂದು ಅರೆಮೌನಿ. ತೊಡಕಿನ ಕಡತವನ್ನು ಅಡಿಗೆ ಹಾಕಿ ಸುಲಭವಾದದ್ದನ್ನು ವಿಲೇವಾರಿ ಮಾಡುವ ಪರಿಪಾಠವನ್ನು ಕಛೇರಿಯಲ್ಲಿ ದುಡಿಯುವ ನಾವು ಚೆನ್ನಾಗಿ ಬಲ್ಲೆವು. ಅಡಿಯಲ್ಲಿ ಉಳಿದ ಕಡತದಲ್ಲಿ ಯಾರೋ ವಿಧವೆಯ ಪಿಂಚಣಿ ಕೊಳೆಯುತ್ತಿರುತ್ತದೆ. ಇಲ್ಲೂ ಹಾಗೆಯೇ. ಲೂಪಸ್ ರೋಗಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಹೆಂಗಸರು. ಎಕ್ಸ್‌ನಲ್ಲಿರುವ ಟಿಎಲ್‌ಆರ್7 ಎಂಬ ಜೀನಿನ ದೋಷವೊಂದೇ ಆ ರೋಗ ತರಬಲ್ಲದೆಂದು ತಿಳಿದದ್ದು 2022ರಲ್ಲಿ.

ಔಷಧದಲ್ಲೂ ಇದೇ ಉದಾಸೀನ. ಝೋಲ್ಪಿಡೆಮ್ ಎಂಬ ನಿದ್ರೆಮಾತ್ರೆಗೆ ಅಮೆರಿಕದಲ್ಲಿ 1992ರಲ್ಲಿ ಒಪ್ಪಿಗೆ ಸಿಕ್ಕಿತು. ಹೆಂಗಸರ ದೇಹ ಅದನ್ನು ನಿಧಾನವಾಗಿ ಹೊರಹಾಕುತ್ತದೆ. ಆದರೂ ಅವರಿಗೆ ಪ್ರಮಾಣವನ್ನು ಅರ್ಧಕ್ಕಿಳಿಸಲು ಅಲ್ಲಿಯ ಸರ್ಕಾರ ಹೇಳಿದ್ದು 2013ರಲ್ಲಿ.

ಭೇದವನ್ನು ಹುಡುಕಹೊರಟರೆ ಹಳೆಯ ತಾರತಮ್ಯಕ್ಕೆ ವಿಜ್ಞಾನದ ಬೆಂಬಲ ಸಿಕ್ಕೀತೆಂದು ಅಂಜುವವರಿದ್ದಾರೆ. ಅಂಜಿಕೆ ಬುಡವಿಲ್ಲದ್ದಲ್ಲ. ಆದರೆ ಅಜ್ಞಾನ ಹೆಣ್ಣನ್ನು ಎಂದು ಕಾಪಾಡಿದೆ? ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ವೀರ್ಯಾಣುವಿನಿಂದ ನಿರ್ಧಾರವಾಗುತ್ತದೆಂದು ಶಾಲೆಯ ಪುಸ್ತಕದಲ್ಲೇ ಇದ್ದರೂ, ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವ ಮನೆಗಳು ನಮ್ಮಲ್ಲಿ ಇನ್ನೂ ಇವೆ.

ಊಟದ ಪಂಕ್ತಿಯಲ್ಲಿ ಮಗುವಿಗೆ ಖಾರವಿಲ್ಲದ ಅನ್ನ ಬಡಿಸಿದರೆ ಅದನ್ನು ಯಾರೂ ಪಂಕ್ತಿಭೇದ ಎನ್ನುವುದಿಲ್ಲ. ಎಲೆಯನ್ನೇ ಹಾಕದಿರುವುದು ಪಂಕ್ತಿಭೇದ. ಸಂಶೋಧನೆಯ ಪಂಕ್ತಿಯಲ್ಲಿ ಹೆಣ್ಣಿಗೂ ಎಲೆ ಹಾಕಬೇಕು, ಅವಳ ದೇಹಕ್ಕೆ ಒಗ್ಗುವುದನ್ನು ಬಡಿಸಬೇಕು. ಲೆಕ್ಕ ಕಷ್ಟವೆಂಬುದು ಅದಕ್ಕೆ ನೆಪವಾಗಬಾರದು.