ಯಾರ ಕರ್ಮ?

ಮಗುವಿಗೆ ಸಿಕಲ್ ಸೆಲ್ ಕಾಯಿಲೆ ಎಂದು ಗೊತ್ತಾದರೆ ಮನೆಯ ಹಿರಿಯರು ಮೊದಲು ಎತ್ತುವುದು ಹೋದ ಜನ್ಮದ ಪಾಪದ ಮಾತು. ನಾನು ಮುಂಬಯಿಯ ಒಂದು ಲ್ಯಾಬಿನಲ್ಲಿ ಈ ರಕ್ತದ ಕಾಯಿಲೆಯ ಪರೀಕ್ಷೆ ಮಾಡುತ್ತಿದ್ದವಳು. ಡೊಂಬಿವಿಲಿ ಲೋಕಲ್ ಹಿಡಿದು ಮನೆಗೆ ಹೊರಟರೂ ಆ ಮಾತು ಬೆನ್ನು ಬಿಡುತ್ತಿರಲಿಲ್ಲ.

ಆ ಪರೀಕ್ಷೆಯಲ್ಲಿ ಬಳಸುವ ಡಿಡಿಇ-1 ಎಂಬ ಕಿಣ್ವ ಡಿಎನ್‌ಎಯಲ್ಲಿ ಸಿ, ಟಿ, ನಡುವೆ ಯಾವುದಾದರೂ ಒಂದು ಅಕ್ಷರ, ಆಮೇಲೆ ಎ, ಜಿ ಸಾಲಾಗಿ ಸಿಕ್ಕಲ್ಲಿ ಮಾತ್ರ ಕತ್ತರಿಸುತ್ತದೆ. ಬೀಟಾ ಗ್ಲೋಬಿನ್ ಜೀನಿನ 6ನೇ ಕೋಡಾನಿನಲ್ಲಿ ಎ ಇರಬೇಕಾದಲ್ಲಿ ಈ ಕಾಯಿಲೆ ತರುವ ಟಿ ಬಂದಿದ್ದರೆ ಕಿಣ್ವಕ್ಕೆ ಗುರುತು ಸಿಗದು. ಅಲ್ಲಿ ಕತ್ತರಿ ಬೀಳುವುದಿಲ್ಲ. ತುಂಡುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್ ಅನ್ನು ಯುವಿ ಬೆಳಕಿನಲ್ಲಿ ನೋಡಿದರೆ ಕತ್ತರಿಸಿದ ಚಿಕ್ಕ ತುಂಡುಗಳು ಕೆಳಗೆ ಓಡಿರುತ್ತವೆ, ಕತ್ತರಿಸದ ದೊಡ್ಡ ತುಂಡಿನ ಪಟ್ಟಿ ಮೇಲೆಯೇ ನಿಂತಿರುತ್ತದೆ. ಬದಲಾದ ಜೀನಿನ ಒಂದೇ ಪ್ರತಿ ಹೊತ್ತ, ಅಂದರೆ ವಾಹಕರಾದ, ತಂದೆತಾಯಿಯರಲ್ಲಿ ಎರಡೂ ಕಾಣುತ್ತವೆ.

ಆ ಟಿ ಯಾರದೋ ಪಾಪದ ಗುರುತೆಂದು ನಾನು ಒಪ್ಪಲಾರೆ. ಒಂದೇ ಪ್ರತಿ ಇದ್ದವರನ್ನು ಅದು ಮಾರಕ ಮಲೇರಿಯಾದಿಂದ ಬಹುಮಟ್ಟಿಗೆ ಕಾಪಾಡುತ್ತದೆ. ಮಲೇರಿಯಾ ಕಾಡಿದ ಮಹಾರಾಷ್ಟ್ರದ ಗಡಚಿರೋಲಿಯಂಥ ಕಡೆ ಅದು ಉಳಿದುಬಂದದ್ದು ಹಾಗೆ. ಅಜ್ಜ ಅಜ್ಜಿಯರ ಜೀವ ಕಾಯ್ದದ್ದೇ, ಎರಡು ಪ್ರತಿ ಸೇರಿದಾಗ, ಮೊಮ್ಮಗುವಿನ ನೋವಾಗಿದ್ದರೆ ಅದನ್ನು ಶಿಕ್ಷೆ ಎನ್ನುವುದು ಹೇಗೆ? ನನಗೆ ಕರ್ಮದಲ್ಲಿ ನಂಬಿಕೆಯಿದೆ. ಅದು ಇವತ್ತು ನಾವು ಮಾಡುವುದರಲ್ಲಿದೆ: ಬೇಗ ಪರೀಕ್ಷೆ ಮಾಡಿಸುವುದು, ಡಾಕ್ಟರು ಬರೆದ ಹೈಡ್ರಾಕ್ಸಿಯೂರಿಯಾ ತಪ್ಪಿಸದಿರುವುದು, ಹೆತ್ತವಳ ತಲೆಗೆ ಅಪವಾದ ಕಟ್ಟದಿರುವುದು. ಸೊಸೆಯನ್ನು ದೂರುವ ಅತ್ತೆಯಂದಿರಿಗೆ ಜೆಲ್‌ನ ಫೋಟೋ ತೋರಿಸಿ ಹೇಳುತ್ತಿದ್ದೆ: "ಮಾವಶಿ, ಇದು ನಿಮ್ಮ ಮಗನದ್ದು. ಇದರಲ್ಲೂ ಮೇಲಿನ ಆ ಪಟ್ಟಿ ಇದೆ, ನೋಡಿ."